ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿ ಗಾಡಿ ನಡುಗುತ್ತದೆ – 1.2 ಪೆಟ್ರೋಲ್, ಸಿಎನ್‌ಜಿ ಕಿಟ್ ಇದೆ (ತುಮಕೂರು)

ಗುಬ್ಬಿಗೇಟ್_ಗಾಡಿ

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಹ್ಯಾಚ್‌ಬ್ಯಾಕ್. 1.2 ಲೀಟರ್ ಪೆಟ್ರೋಲ್, ನಾಲ್ಕು ಸಿಲಿಂಡರ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಹಳೆಯ ಓನರ್ ಹೊರಗಡೆ ಸೀಕ್ವೆನ್ಶಿಯಲ್ ಸಿಎನ್‌ಜಿ ಕಿಟ್ ಹಾಕಿಸಿದ್ದರು.

ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಪರವಾಗಿಲ್ಲ. ಇಂಜಿನ್ ಬಿಸಿಯಾಗಿ ಟೌನ್‌ಹಾಲ್ ಸಿಗ್ನಲ್‌ನಲ್ಲಿ ನಿಂತರೆ ಗಾಡಿ ಇಡೀ ರಾಗಿ ಮಿಷನ್ ತರ ನಡುಗುತ್ತದೆ. ಆರ್‌ಪಿಎಂ ಮುಳ್ಳು 800ರಿಂದ 1050ರವರೆಗೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಪೆಟ್ರೋಲ್‌ನಲ್ಲೂ ಹಾಗೇ, ಸಿಎನ್‌ಜಿಯಲ್ಲೂ ಹಾಗೇ. ಕ್ಯಾತ್ಸಂದ್ರ ದಾಟಿ ಹೈವೇ ಹಿಡಿದರೆ ಏನೂ ಗೊತ್ತಾಗುವುದಿಲ್ಲ, ಪಿಕಪ್ ಚೆನ್ನಾಗಿಯೇ ಇದೆ. ಚೆಕ್ ಇಂಜಿನ್ ಲೈಟ್ ಬಂದಿಲ್ಲ.

ಒಂದು ಗ್ಯಾರೇಜ್‌ನಲ್ಲಿ ಪ್ಲಗ್ ಬದಲಿಸಿದರು, ಏರ್ ಫಿಲ್ಟರ್ ಬದಲಿಸಿದರು, ಥ್ರಾಟಲ್ ಬಾಡಿ ಕ್ಲೀನ್ ಮಾಡಿದರು. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಈಗ ಮ್ಯಾಪ್ ಸೆನ್ಸರ್ (ಇಂಜಿನ್‌ಗೆ ಗಾಳಿ ಹೋಗುವ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆಯುವುದು) ಹೋಗಿದೆ ಎನ್ನುತ್ತಿದ್ದಾರೆ. ಇಂಜಿನ್ ಆಫ್ ಇಟ್ಟು ಕೀ ಆನ್ ಮಾಡಿದರೆ ಸ್ಕ್ಯಾನರ್‌ನಲ್ಲಿ 92 ಕಿಲೋಪ್ಯಾಸ್ಕಲ್ ತೋರಿಸುತ್ತದೆ, 101 ಬರಬೇಕಂತೆ. ಅದೂ ಅಲ್ಲದಿದ್ದರೆ ಇಂಜೆಕ್ಟರ್, ಅದೂ ಅಲ್ಲದಿದ್ದರೆ ಇಂಜಿನ್ ಬಿಚ್ಚೋಣ ಅನ್ನುತ್ತಾರೆ. ಹೀಗೆ ಒಂದೊಂದೇ ಬದಲಿಸುತ್ತಾ ಹೋದರೆ ಗಾಡಿ ಮಾರಿದರೂ ಆ ದುಡ್ಡು ಹುಟ್ಟುವುದಿಲ್ಲ. ಏನು ಮಾಡಲಿ?

ತಿಪಟೂರು_ತೆಂಗು

ಇಂಜಿನ್ ಮೌಂಟಿಂಗ್ ನೋಡಿಸಿ ಗುರು. ನಮ್ಮ ಮನೆ ಗಾಡಿಗೂ ಹೀಗೇ ಆಗಿತ್ತು. ಮೌಂಟಿಂಗ್ ರಬ್ಬರ್ ಹರಿದಿತ್ತು, ಹೊಸದು ಹಾಕಿದ ಮೇಲೆ ಸರಿಹೋಯಿತು.

ಶಿರಾಗೇಟ್_ಮೆಕ್ಯಾನಿಕ್

ಮೌಂಟಿಂಗ್ ಹೋದರೆ ಬಾಡಿ ನಡುಗುತ್ತದೆ, ಆದರೆ ಮುಳ್ಳು ಕದಲುವುದಿಲ್ಲ. ಇವರ ಗಾಡಿಯಲ್ಲಿ ಮುಳ್ಳೇ ಆಡುತ್ತಿದೆ. ಅಂದರೆ ಇಂಜಿನ್ ಒಳಗೇ ಏನೋ ಎಡವಟ್ಟಾಗುತ್ತಿದೆ. ಮೌಂಟಿಂಗ್ ಆಮೇಲೆ ನೋಡೋಣ.

ಗುಬ್ಬಿಗೇಟ್ ಸರ್, ಮೊದಲು ಮ್ಯಾಪ್ ಸೆನ್ಸರ್‌ಗೆ ದುಡ್ಡು ಕೊಡಬೇಡಿ. ನಿಮ್ಮ 92 ಸರಿಯಾಗಿದೆ. ಇಂಜಿನ್ ಆಫ್ ಇದ್ದಾಗ ಆ ಸೆನ್ಸರ್ ಓದುವುದು ಹೊರಗಿನ ಗಾಳಿಯ ಒತ್ತಡವನ್ನು. 101 ಬರುವುದು ಸಮುದ್ರ ಮಟ್ಟದಲ್ಲಿ, ಮಂಗಳೂರಿನಲ್ಲೋ ಚೆನ್ನೈನಲ್ಲೋ. ತುಮಕೂರು ಇರುವುದು 820 ಮೀಟರ್ ಎತ್ತರದಲ್ಲಿ. ಇಲ್ಲಿ 92ರ ಆಸುಪಾಸೇ ಬರಬೇಕು. 101 ತೋರಿಸಿದ್ದರೆ ಆಗ ಸೆನ್ಸರ್ ಮೇಲೆ ಅನುಮಾನ ಪಡಬಹುದಿತ್ತು.

ಯೂಟ್ಯೂಬ್ ವಿಡಿಯೋ ನೋಡಿ ನಂಬರ್ ಬಾಯಿಪಾಠ ಮಾಡಿದರೆ ಬರುವ ತೊಂದರೆ ಇದೇ. ಮ್ಯಾನಿಫೋಲ್ಡ್ ಒಳಗಿನ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಕಥೆಯೂ ಅಷ್ಟೇ. ಐಡಲಿಂಗ್‌ನಲ್ಲಿ ಪಾದರಸದ 17ರಿಂದ 21 ಇಂಚು ಇರಬೇಕು ಅನ್ನುತ್ತಾರೆ, ಅದು ಅವರ ಊರಿನ ಲೆಕ್ಕ. ಪ್ರತಿ ಸಾವಿರ ಅಡಿ ಮೇಲೆ ಹೋದಂತೆ ಸುಮಾರು ಒಂದು ಇಂಚು ಕಡಿಮೆ ಮಾಡಿಕೊಳ್ಳಬೇಕು. ನಮ್ಮದು 2,700 ಅಡಿ. ಹಾಗಾಗಿ ಇಲ್ಲಿ 15ರಿಂದ 18 ಬಂದರೆ ಇಂಜಿನ್ ಆರೋಗ್ಯವಾಗಿದೆ ಅಂತಲೇ. ಒಳ್ಳೆಯ ಇಂಜಿನ್‌ಗೆ ಲೀಕ್ ಇದೆ ಎಂದು ಹೇಳಿ ಬಿಚ್ಚಿದ ಗಾಡಿಗಳು ನನ್ನ ಹತ್ತಿರ ಬಂದಿವೆ.

ನಂದಿ_ತಪ್ಪಲು

ಚಿಕ್ಕಬಳ್ಳಾಪುರದಿಂದ ಒಂದು ಸಾಕ್ಷಿ. ನಮ್ಮ ಮನೆ ಮುಂದೆ ಕೀ ಆನ್ ಮಾಡಿದರೆ 91 ತೋರಿಸುತ್ತದೆ. ಅದೇ ಗಾಡಿ ನಂದಿ ಬೆಟ್ಟದ ಮೇಲೆ ಪಾರ್ಕಿಂಗ್‌ನಲ್ಲಿ 85. ಬೆಟ್ಟ 1,478 ಮೀಟರ್ ಅಲ್ವಾ. ಅಲ್ಲಿ ಯಾರಾದರೂ ಸೆನ್ಸರ್ ಬದಲಿಸಿ ಎಂದಿದ್ದರೆ ದಿನಾ ನೂರು ಸೆನ್ಸರ್ ಮಾರಬಹುದಿತ್ತು.

ಗುಬ್ಬಿಗೇಟ್_ಗಾಡಿ

ಅಬ್ಬಾ, ಒಂದು ಖರ್ಚು ಉಳಿಯಿತು. ಥ್ಯಾಂಕ್ಸ್ ಅಣ್ಣ. ಗೆಳೆಯನ ಹತ್ತಿರ ಬ್ಲೂಟೂತ್ ಇಎಲ್‌ಎಂ327 ಸ್ಕ್ಯಾನರ್ ಇದೆ, ಅದನ್ನು ಹಾಕಿ ನೋಡಿದೆ. ಬಿಸಿ ಇಂಜಿನ್, ಎಸಿ ಆಫ್, ಪೆಟ್ರೋಲ್ ಮೋಡ್.

ಐಡಲಿಂಗ್: ಮ್ಯಾಪ್ 41ರಿಂದ 43. ಲಾಂಗ್ ಟರ್ಮ್ ಟ್ರಿಮ್ (ಇಸಿಯು, ಅಂದರೆ ಇಂಜಿನ್ ಕಂಪ್ಯೂಟರ್, ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) +12. ಶಾರ್ಟ್ ಟರ್ಮ್ ಒಂದು ಕಡೆ ನಿಲ್ಲುವುದಿಲ್ಲ, ಸುಮಾರು +5.

2500 ಆರ್‌ಪಿಎಂನಲ್ಲಿ ಹಿಡಿದರೆ: ಲಾಂಗ್ ಟರ್ಮ್ +4, ಶಾರ್ಟ್ ಟರ್ಮ್ ಸೊನ್ನೆಯ ಹತ್ತಿರ. ನಡುಕವೂ ಇಲ್ಲ.

ಕೋಡ್ ಯಾವುದೂ ಇಲ್ಲ. ಆದರೆ ಪೆಂಡಿಂಗ್ (ಇನ್ನೂ ಖಚಿತವಾಗದ ದೋಷ) ಎಂಬ ಜಾಗದಲ್ಲಿ ಪಿ0303 ಇದೆ.

ಕೋಲಾರ_ಕೆಎ07

ಪಿ0171 (ಲೀನ್, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಎನ್ನುವ ಕೋಡ್) ಬಂದಿಲ್ಲ. ಹಾಗಾಗಿ ವ್ಯಾಕ್ಯೂಮ್ ಲೀಕ್ (ಸೀಳಿನಿಂದ ಗಾಳಿ ಒಳಗೆ ನುಗ್ಗುವುದು) ಅಲ್ಲ, ಆ ಚಾಪ್ಟರ್ ಕ್ಲೋಸ್. ಪಿ0303 ಅಂದರೆ ಮೂರನೇ ಸಿಲಿಂಡರ್ ಮಿಸ್ಸಿಂಗ್. ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ಬದಲಿಸಿ.

ಶಿರಾಗೇಟ್_ಮೆಕ್ಯಾನಿಕ್

ಕೋಲಾರ ಸರ್, ಅಷ್ಟು ಬೇಗ ಕ್ಲೋಸ್ ಮಾಡಬೇಡಿ. ಗಾಳಿ ಅಳೆಯುವ ರೀತಿ ಎಲ್ಲ ಗಾಡಿಯಲ್ಲೂ ಒಂದೇ ಅಲ್ಲ.

ಕೆಲವು ಗಾಡಿಗಳಲ್ಲಿ ಏರ್ ಫಿಲ್ಟರ್ ಆದ ಕೂಡಲೇ ಮಾಫ್ ಸೆನ್ಸರ್ ಇರುತ್ತದೆ. ಅದು ಒಳಗೆ ಹೋಗುವ ಗಾಳಿಯನ್ನೇ ಅಳೆಯುತ್ತದೆ. ಅದರ ಆಚೆ ಪೈಪ್ ಸೀಳಿದರೆ ಕಳ್ಳದಾರಿಯಲ್ಲಿ ಬಂದ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಇಸಿಯು ಕಡಿಮೆ ಪೆಟ್ರೋಲ್ ಬಿಡುತ್ತದೆ. ಟ್ರಿಮ್ +20, +25ರವರೆಗೆ ಹೋಗಿ ಪಿ0171 ಬರುತ್ತದೆ. ವಿಡಿಯೋಗಳಲ್ಲಿ ಹೇಳುವುದು ಇದನ್ನೇ.

ನಮ್ಮ ಕಡೆ ಓಡುವ ಸಣ್ಣ ಪೆಟ್ರೋಲ್ ಗಾಡಿಗಳಲ್ಲಿ ಹೆಚ್ಚಿನವು ಮ್ಯಾಪ್ ಸೆನ್ಸರ್‌ನವು. ಇದು ಮ್ಯಾನಿಫೋಲ್ಡ್ ಒಳಗಿನ ಒತ್ತಡ ನೋಡಿ ಗಾಳಿ ಎಷ್ಟಿದೆ ಎಂದು ಲೆಕ್ಕ ಹಾಕುತ್ತದೆ. ಲೀಕ್ ಆಗಿ ಗಾಳಿ ಬಂದರೆ ಒತ್ತಡ ಏರುತ್ತದೆ, ಇಸಿಯು ಅದಕ್ಕೆ ತಕ್ಕಂತೆ ಪೆಟ್ರೋಲನ್ನೂ ಜಾಸ್ತಿ ಬಿಡುತ್ತದೆ. ಹಾಗಾಗಿ ಇಲ್ಲಿ ಲೀಕ್ ಆದರೆ ಲೀನ್ ಕೋಡ್‌ಗಿಂತ ಮೊದಲು ಕಾಣುವುದು ಐಡಲಿಂಗ್ ಏರುವುದು. ಇಸಿಯು ಅದನ್ನು ತಗ್ಗಿಸಲು ಐಡಲ್ ಕಂಟ್ರೋಲ್ ಮುಚ್ಚುತ್ತದೆ, ಮುಚ್ಚಲು ಜಾಗ ಮುಗಿದ ಮೇಲೆ ಮುಳ್ಳು ಮೇಲೆ ಕೆಳಗೆ ಆಡುತ್ತದೆ. ಸಾಮಾನ್ಯವಾಗಿ ಇಂಥ ಗಾಡಿಯಲ್ಲಿ ಬಿಸಿ ಐಡಲಿಂಗ್‌ಗೆ 30ರಿಂದ 35 ಇರಬೇಕು. ಇವರಿಗೆ 42. ಗಾಳಿ ಎಳೆಯುತ್ತಿದೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಆದರೆ ಟ್ರಿಮ್ ಯಾಕೆ +12 ಎಂದು ನೀವು ಕೇಳಬಹುದು, ನ್ಯಾಯವಾದ ಪ್ರಶ್ನೆ. ಗಾಳಿ ನಾಲ್ಕೂ ಸಿಲಿಂಡರ್‌ಗೆ ಸಮವಾಗಿ ಹಂಚಿಹೋಗುತ್ತಿದ್ದರೆ ಇಷ್ಟು ಬರುತ್ತಿರಲಿಲ್ಲ. ಒಂದೇ ಸಿಲಿಂಡರ್‌ನ ಬಾಗಿಲಲ್ಲಿ ಲೀಕ್ ಇದ್ದರೆ ಅದೊಂದೇ ಲೀನ್ ಆಗಿ ಸರಿಯಾಗಿ ಉರಿಯುವುದಿಲ್ಲ. ಉರಿಯದ ಆಕ್ಸಿಜನ್ ಸೈಲೆನ್ಸರ್ ಕಡೆ ಹೋಗುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ ಎಲ್ಲರಿಗೂ ಪೆಟ್ರೋಲ್ ಸಾಲದು ಅಂದುಕೊಳ್ಳುತ್ತದೆ. ಪಿ0303 ಜೊತೆ ಸೇರಿಸಿ ಓದಿದರೆ ನನ್ನ ಕಣ್ಣು ಮೂರನೇ ಸಿಲಿಂಡರ್‌ನ ಇನ್‌ಟೇಕ್ ಹತ್ತಿರ ಹೋಗುತ್ತದೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಇಂಜೆಕ್ಟರ್ ಓ ರಿಂಗ್, ಇಲ್ಲವೇ ಸಿಎನ್‌ಜಿಗೆ ಅಂತ ಡ್ರಿಲ್ ಮಾಡಿದ ನಾಝಲ್. ಕಾಯಿಲ್ ಕೂಡ ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಕಾಯಿಲ್ ವೀಕ್ ಆದರೆ ಸಾಮಾನ್ಯವಾಗಿ ಲೋಡ್ ಬಿದ್ದಾಗ, ಏರು ಹತ್ತುವಾಗ ಜಾಸ್ತಿ ತಡವರಿಸುತ್ತದೆ. ಇವರಿಗೆ ಉಲ್ಟಾ.

ಮಧುಗಿರಿ_ಮೇಷ್ಟ್ರು

ನಾನು ಫಿಸಿಕ್ಸ್ ಪಾಠ ಮಾಡುವವನು, ಸ್ಪ್ಯಾನರ್ ಹಿಡಿದವನಲ್ಲ. ಆದರೂ 2500ರಲ್ಲಿ ನಡುಕ ಯಾಕೆ ಮಾಯವಾಗುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿದೆ.

1.2 ಲೀಟರ್ ಇಂಜಿನ್ ಐಡಲಿಂಗ್‌ನಲ್ಲಿ ಸೆಕೆಂಡಿಗೆ ಹೆಚ್ಚು ಕಡಿಮೆ 2 ಗ್ರಾಂ ಗಾಳಿ ಕುಡಿಯುತ್ತದೆ. ಬರೀ 3 ಮಿಲಿಮೀಟರ್ ಅಗಲದ ತೂತಿನಿಂದ, ನಮ್ಮ ಊರಿನ ಒತ್ತಡದಲ್ಲಿ, ಸೆಕೆಂಡಿಗೆ ಸುಮಾರು 1 ಗ್ರಾಂ ಒಳಗೆ ನುಗ್ಗುತ್ತದೆ. ಅಂದರೆ ಅರ್ಧದಷ್ಟು! ಇನ್ನೂ ಒಂದು ವಿಷಯ. ಒಳಗಿನ ಒತ್ತಡ ಹೊರಗಿನದರ ಅರ್ಧಕ್ಕಿಂತ ಕಡಿಮೆಯಾದ ಮೇಲೆ, ಒಳಗೆ ಇನ್ನೆಷ್ಟೇ ಎಳೆದರೂ ತೂತಿನಿಂದ ಬರುವ ಗಾಳಿ ಜಾಸ್ತಿಯಾಗುವುದಿಲ್ಲ. ಅಲ್ಲಿ ಗಾಳಿ ಶಬ್ದದ ವೇಗ ಮುಟ್ಟಿರುತ್ತದೆ. ಆ ಸುಯ್ಯೆನ್ನುವ ಸದ್ದು ಸುಮ್ನೆ ಬರುವುದಲ್ಲ.

ಅದೇ ಗಾಡಿ ಹೈವೇನಲ್ಲಿ 80ರಲ್ಲಿ ಹೋಗುವಾಗ ಸೆಕೆಂಡಿಗೆ 10 ಗ್ರಾಂ ಮೇಲೆ ಕುಡಿಯುತ್ತಿರುತ್ತದೆ. ಅದರಲ್ಲಿ ಈ 1 ಗ್ರಾಂ ಯಾರಿಗೆ ಲೆಕ್ಕ? ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಒಳಗೂ ಹೊರಗೂ ಒತ್ತಡ ಒಂದೇ ಆಗಿ ಲೀಕೇ ನಿಲ್ಲುತ್ತದೆ.

ಶಿರಾಗೇಟ್_ಮೆಕ್ಯಾನಿಕ್

ಮೇಷ್ಟ್ರೇ, ನಮ್ಮ ಗ್ಯಾರೇಜ್‌ಗೆ ಒಂದು ಸಲ ಬಂದು ಹುಡುಗರಿಗೆ ಇದನ್ನೇ ಹೇಳಿ. ಚಹಾ ನನ್ನದು.

ಪಾವಗಡ_ಬಿಸಿಲು

ಕಾರ್ಬ್ ಕ್ಲೀನರ್ ತೆಗೆದುಕೊಂಡು ಇಂಜಿನ್ ಓಡುವಾಗ ಎಲ್ಲ ಜಾಯಿಂಟ್‌ಗೂ ಹೊಡೆಯಿರಿ. ಎಲ್ಲಿ ಹೊಡೆದಾಗ ಆರ್‌ಪಿಎಂ ಬದಲಾಗುತ್ತದೋ ಅಲ್ಲೇ ಲೀಕ್. ಎರಡು ನಿಮಿಷದ ಕೆಲಸ. ಸ್ಮೋಕ್ ಟೆಸ್ಟ್ ಬೇಕೆಂದರೆ ಅಗರಬತ್ತಿ ಹೊಗೆ ಪೈಪ್‌ನಲ್ಲಿ ಊದಿ.

ಶಿರಾಗೇಟ್_ಮೆಕ್ಯಾನಿಕ್

ಅಣ್ಣ, ಸಿಎನ್‌ಜಿ ಇರುವ ಗಾಡಿ, ಬಿಸಿ ಎಕ್ಸಾಸ್ಟ್, ಮೇಲೆ ಕಾರ್ಬ್ ಕ್ಲೀನರ್. ದಯವಿಟ್ಟು ಬೇಡ. ಅದು ಪಕ್ಕಾ ಬೆಂಕಿ ಹತ್ತುವ ಸಾಮಾನು. ಹಳೆಯ ಕಾಯಿಲ್‌ನಿಂದ ಒಂದು ಕಿಡಿ ಹಾರಿದರೆ ಸಾಕು. ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ಸಾಕು. ನೆನಪಿರಲಿ, ಇಲ್ಲಿ ಗುಳ್ಳೆ ಬರುವುದಿಲ್ಲ. ಗುಳ್ಳೆ ಬರುವುದು ಒಳಗಿನಿಂದ ಹೊರಗೆ ಲೀಕ್ ಆದರೆ. ವ್ಯಾಕ್ಯೂಮ್ ಲೀಕ್ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಒಂದು ಕ್ಷಣ ತೂತು ಮುಚ್ಚಿ ಐಡಲಿಂಗ್ ಬದಲಾಗುತ್ತದೆ. ಕಾಯಿಲ್ ಮತ್ತು ವೈರಿಂಗ್ ಮೇಲೆ ಮಾತ್ರ ನೀರು ಬೀಳದಿರಲಿ.

ಅಗರಬತ್ತಿ ವಿಷಯ: ಹೊಗೆ ಸಾಲುವುದಿಲ್ಲ, ಊದಿ ಊದಿ ನಿಮಗೇ ತಲೆ ಸುತ್ತುತ್ತದೆ. ಸ್ಮೋಕ್ ಮಷಿನ್ ಇರುವವರು ಅರ್ಧದಿಂದ ಒಂದು ಪಿಎಸ್‌ಐ ಒತ್ತಡದಲ್ಲಿ ಹೊಗೆ ಬಿಡುತ್ತಾರೆ. ಅದಕ್ಕಿಂತ ಜಾಸ್ತಿ ಬಿಟ್ಟರೆ ಇರುವ ಸೀಲ್ ಕೂಡ ಹೋಗಬಹುದು. ಪಂಕ್ಚರ್ ಅಂಗಡಿ ಕಂಪ್ರೆಸರ್ ಅಂತೂ ಬೇಡವೇ ಬೇಡ.

ಗುಬ್ಬಿಗೇಟ್ ಸರ್, ನೀವು ಹೀಗೆ ಮಾಡಿ. ಪೆಟ್ರೋಲ್ ಮೋಡ್‌ನಲ್ಲಿ ಐಡಲಿಂಗ್ ಬಿಟ್ಟು ಇಂಜೆಕ್ಟರ್ ಕನೆಕ್ಟರ್ ಒಂದೊಂದಾಗಿ ತೆಗೆದು ಹಾಕಿ. ಕಾಯಿಲ್ ಕನೆಕ್ಟರ್ ತೆಗೆಯಬೇಡಿ, ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದು ಕೆಡುತ್ತದೆ. ಚೆನ್ನಾಗಿರುವ ಸಿಲಿಂಡರ್ ಕನೆಕ್ಟರ್ ತೆಗೆದರೆ ಆರ್‌ಪಿಎಂ ಬೀಳುತ್ತದೆ. ಕೆಲಸ ಮಾಡದ ಸಿಲಿಂಡರ್ ತೆಗೆದರೆ ಏನೂ ಆಗುವುದಿಲ್ಲ. ಆಮೇಲೆ ಇಂಜಿನ್ ಆಫ್ ಮಾಡಿ ಎರಡನೆಯದರ ಕಾಯಿಲ್ ಮತ್ತು ಪ್ಲಗ್ ಮೂರಕ್ಕೆ, ಮೂರರದ್ದು ಎರಡಕ್ಕೆ ಹಾಕಿ ನೋಡಿ. ತೊಂದರೆ ಜೊತೆಗೇ ಹೋದರೆ ಕೋಲಾರ ಸರ್ ಗೆದ್ದರು.

ಒಂದು ಪ್ರಶ್ನೆ. ಸಿಎನ್‌ಜಿಯಲ್ಲಿ ಏರು ಹತ್ತುವಾಗ ಗ್ಯಾಸ್ ವಾಸನೆ ಬರುತ್ತದಾ?

ಮಾಲೂರು_ಮಾವು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಗಾಡಿಯಲ್ಲಿ ಬ್ರೇಕ್ ಒತ್ತಿದಾಗ ಪೆಡಲ್ ಹತ್ತಿರ ಸುಯ್ ಎನ್ನುತ್ತದೆ, ಆಗಲೇ ಐಡಲಿಂಗ್ ಕೂಡ ಕುಸಿಯುತ್ತದೆ. ಇದೂ ಅದೇ ಜಾತಿಯದ್ದಾ?

ಶಿರಾಗೇಟ್_ಮೆಕ್ಯಾನಿಕ್

ಮಾವು ಸರ್, ಅದು ಇಂಜಿನ್ ಎಳೆತದಿಂದ ಬ್ರೇಕ್‌ಗೆ ಬಲ ಕೊಡುವ ಬ್ರೇಕ್ ಬೂಸ್ಟರ್. ಒಳಗಿನ ಡಯಾಫ್ರಾಮ್ ಹರಿದಿರಬೇಕು. ಇಂಜಿನ್ ಆಫ್ ಮಾಡಿ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ. ಆಮೇಲೆ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್, ಅದರ ಹೋಸ್, ಚೆಕ್ ವಾಲ್ವ್ ಮೂರನ್ನೂ ನೋಡಿಸಿ. ಇದು ಐಡಲಿಂಗ್ ವಿಷಯ ಅಂತ ಮುಂದೂಡಬೇಡಿ. ಬ್ರೇಕ್ ವಿಷಯ.

ಗುಬ್ಬಿಗೇಟ್_ಗಾಡಿ

ಅಣ್ಣ, ಹೇಳಿದ ಹಾಗೆ ಮಾಡಿದೆ. 1, 2, 4 ತೆಗೆದರೆ ಗಾಡಿ ಇನ್ನೇನು ಆಫ್ ಆಗುತ್ತದೆ ಅನ್ನುವಷ್ಟು ಬಿತ್ತು. 3 ತೆಗೆದರೆ ಏನೂ ಇಲ್ಲ. ಕಾಯಿಲ್, ಪ್ಲಗ್ ಅದಲು ಬದಲು ಮಾಡಿದೆ. ಆಗಲೂ ಮೂರನೆಯದೇ ಸತ್ತಿದೆ.

ಗ್ಯಾಸ್ ವಾಸನೆ ಹೌದು. ದೇವರಾಯನದುರ್ಗ ಹತ್ತುವಾಗ ಮನೆಯವರು ಹೇಳಿದ್ದರು. ನಾನು ಮುಂದೆ ಹೋಗುತ್ತಿದ್ದ ಆಟೋದ್ದು ಅಂದುಕೊಂಡಿದ್ದೆ.

ಶಿರಾಗೇಟ್_ಮೆಕ್ಯಾನಿಕ್

ಈಗಲೇ ಹಿಂದೆ ಹೋಗಿ ಗ್ಯಾಸ್ ಸಿಲಿಂಡರ್ ವಾಲ್ವ್ ಮುಚ್ಚಿ. ಇದು ಸರಿಯಾಗುವವರೆಗೆ ಪೆಟ್ರೋಲ್‌ನಲ್ಲೇ ಓಡಿಸಿ, ಮುಚ್ಚಿದ ಶೆಡ್‌ನಲ್ಲಿ ನಿಲ್ಲಿಸಬೇಡಿ.

ಹೊರಗಡೆ ಹಾಕಿದ ಸೀಕ್ವೆನ್ಶಿಯಲ್ ಕಿಟ್‌ನಲ್ಲಿ ಮ್ಯಾನಿಫೋಲ್ಡ್‌ಗೆ ಸಿಲಿಂಡರ್‌ಗೊಂದರಂತೆ ತೂತು ಕೊರೆದು ನಾಝಲ್ ಕೂರಿಸುತ್ತಾರೆ. ಗ್ಯಾಸ್ ಇಂಜೆಕ್ಟರ್ ರೈಲ್‌ನಿಂದ ಅಲ್ಲಿಗೆ ನಾಲ್ಕು ಸಣ್ಣ ರಬ್ಬರ್ ಪೈಪ್ ಬರುತ್ತವೆ. ಮೂರನೆಯದನ್ನು ನೋಡಿ. ಅದು ಸೀಳಿದ್ದರೆ ಐಡಲಿಂಗ್‌ನಲ್ಲಿ ಅಲ್ಲಿಂದ ಗಾಳಿ ಒಳಗೆ ಹೋಗುತ್ತದೆ. ಪೆಟ್ರೋಲ್ ಮೋಡ್‌ನಲ್ಲೂ ಹೋಗುತ್ತದೆ, ಯಾಕೆಂದರೆ ಸೀಳು ಇರುವುದು ಗ್ಯಾಸ್ ಇಂಜೆಕ್ಟರ್‌ನ ಈಚೆ. ಸಿಎನ್‌ಜಿಯಲ್ಲಿ ಏರು ಹತ್ತುವಾಗ ಮ್ಯಾನಿಫೋಲ್ಡ್‌ನಲ್ಲಿ ಎಳೆತ ಇರುವುದಿಲ್ಲ, ಆಗ ಅದೇ ಸೀಳಿನಿಂದ ಗ್ಯಾಸ್ ಹೊರಗೆ ಬರುತ್ತದೆ. ನಿಮ್ಮ ವಾಸನೆಗೂ ನಡುಕಕ್ಕೂ ಮೂಲ ಒಂದೇ ಇರಬೇಕು.

ವಾಲ್ವ್ ಮುಚ್ಚಿದ ಮೇಲೆ ಗಾಡಿ ಸಿಎನ್‌ಜಿ ಮೋಡ್‌ನಲ್ಲೇ ಓಡಿ ಲೈನ್‌ನಲ್ಲಿ ಉಳಿದದ್ದು ಖಾಲಿಯಾಗಲಿ. ಅದು ತಾನಾಗಿ ಪೆಟ್ರೋಲ್‌ಗೆ ಬಂದ ಮೇಲೆ ಐಡಲಿಂಗ್ ಬಿಡಿ. ಪ್ಲೈಯರ್ ಬಾಯಿಗೆ ಬಟ್ಟೆ ಸುತ್ತಿ, ಮೂರನೇ ಪೈಪನ್ನು ನಾಝಲ್‌ಗೆ ಆದಷ್ಟು ಹತ್ತಿರ ಒತ್ತಿ ಹಿಡಿಯಿರಿ. ನಡುಕ ನಿಂತರೆ ಉತ್ತರ ಸಿಕ್ಕಿತು. ನಿಲ್ಲದಿದ್ದರೆ ಪಿಸಿವಿ ಹೋಸ್, ಬೂಸ್ಟರ್ ಹೋಸ್, ಪರ್ಜ್ ಹೋಸ್, ಗ್ಯಾಸ್ ಒತ್ತಡ ಇಳಿಸುವ ರೆಡ್ಯೂಸರ್‌ಗೆ ಹೋಗುವ ಟೀ ಜಾಯಿಂಟ್ ಹೋಸ್ ಎಲ್ಲವನ್ನೂ ಹೀಗೇ ಒಂದೊಂದಾಗಿ ಒತ್ತಿ ನೋಡಿ. ಬೂಸ್ಟರ್ ಹೋಸ್ ಒತ್ತುವಾಗ ಗಾಡಿ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಹಾಕಿರಲಿ.

ತಿಪಟೂರು_ತೆಂಗು

ಇಲಿ ಕಡಿದಿರುತ್ತದೆ ನೋಡಿ. ನಮ್ಮ ಕೊಬ್ಬರಿ ಶೆಡ್ ಪಕ್ಕ ನಿಲ್ಲಿಸಿದ ಗಾಡಿಗಳಿಗೆ ಇದೇ ಗೋಳು.

ಗುಬ್ಬಿಗೇಟ್_ಗಾಡಿ

ಇಲಿ ಅಲ್ಲ. ಸಿಕ್ಕಿತು!

ಮೇಲಿನಿಂದ ನೋಡಿದರೆ ಪೈಪ್ ಹೊಸದರಂತೆಯೇ ಇದೆ. ಪ್ಲೈಯರ್‌ನಲ್ಲಿ ಒತ್ತಿದ ತಕ್ಷಣ ಸುಯ್ ಶಬ್ದ ನಿಂತಿತು, ಮುಳ್ಳು 750ಕ್ಕೆ ಬಂದು ಕೂತಿತು. ಬಿಟ್ಟರೆ ಮತ್ತೆ ನಡುಕ. ಮಗನಿಗೂ ಒತ್ತಿ ತೋರಿಸಿದೆ. ಆಮೇಲೆ ಇಂಜಿನ್ ಆಫ್ ಮಾಡಿ ಕ್ಲಿಪ್ ಬಿಚ್ಚಿ ನೋಡಿದರೆ ಕ್ಲಿಪ್‌ನ ಅಡಿಯಲ್ಲಿ, ಕೆಳಗಡೆ ಮುಖಕ್ಕೆ, ಉದ್ದಕ್ಕೆ ಸೀಳಿದೆ. ಕ್ಲಿಪ್ ಜಾಸ್ತಿ ಬಿಗಿ ಮಾಡಿ ರಬ್ಬರ್ ಕತ್ತರಿಸಿದೆ ಅನಿಸುತ್ತದೆ. ತಣ್ಣಗಿದ್ದಾಗ ಪರವಾಗಿಲ್ಲ, ಬಿಸಿಯಾದರೆ ಬಾಯಿ ಬಿಡುತ್ತದೆ.

ಬರೀ ಮೂರನೆಯದು ಬದಲಿಸಿದರೆ ಸಾಕಾ?

ಶಿರಾಗೇಟ್_ಮೆಕ್ಯಾನಿಕ್

ನಾಲ್ಕನ್ನೂ ಬದಲಿಸಿ. ಒಂದೇ ದಿನ ಹಾಕಿದ ಪೈಪ್, ಒಂದೇ ಬಿಸಿ ತಿಂದಿವೆ. ಪೆಟ್ರೋಲ್ ಪೈಪ್ ತುಂಡು ಕತ್ತರಿಸಿ ಹಾಕುವವರಿದ್ದಾರೆ, ಒಪ್ಪಬೇಡಿ. ಗ್ಯಾಸ್‌ಗೆ ಅಂತಲೇ ಬರುವ ಹೋಸ್ ಇದೆ. ನಾಲ್ಕೂ ಒಂದೇ ಉದ್ದ ಇರಲಿ. ಕಿಟ್ ಕೆಲಸ ಗೊತ್ತಿರುವವರ ಹತ್ತಿರವೇ ಮಾಡಿಸಿ, ಆದ ಮೇಲೆ ವಾಲ್ವ್ ತೆರೆದು ಗ್ಯಾಸ್ ಜಾಯಿಂಟ್‌ಗಳಿಗೆಲ್ಲ ಸೋಪಿನ ನೀರು ಹಾಕಿಸಿ. ಅಲ್ಲಿ ಮಾತ್ರ ಗುಳ್ಳೆ ನೋಡಬೇಕು. ಹಾಗೇ ಗ್ಯಾಸ್ ಸಿಲಿಂಡರ್ ಮೇಲಿನ ಪ್ಲೇಟ್ ನೋಡಿ. ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಹಾಕಿ ನೋಡುವುದು) ಆಗಬೇಕು. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಇದನ್ನು ಯಾರೂ ಕೇಳುವುದೇ ಇಲ್ಲ.

ಕೋಲಾರ_ಕೆಎ07

ಸರಿ, ಕಾಯಿಲ್ ಅಲ್ಲ. ಆದರೂ +12 ಟ್ರಿಮ್ ಪೂರ್ತಿ ಲೀಕ್‌ನಿಂದಲೇ ಅಂತ ಹೇಳಲಾಗದು. ಈಗ ಬರುವುದು ಇ20 ಪೆಟ್ರೋಲ್, ಅಂದರೆ ಶೇಕಡಾ 20 ಎಥನಾಲ್ ಬೆರೆತದ್ದು.

ಮಧುಗಿರಿ_ಮೇಷ್ಟ್ರು

ಅದು ಒಪ್ಪುವ ಮಾತು. ಶುದ್ಧ ಪೆಟ್ರೋಲ್ ಒಂದು ಕೆಜಿ ಉರಿಯಲು 14.7 ಕೆಜಿ ಗಾಳಿ ಬೇಕು. ಇ10ಕ್ಕೆ 14.1, ಇ20ಕ್ಕೆ ಸುಮಾರು 13.5. ಎಥನಾಲ್‌ನಲ್ಲಿ ಆಕ್ಸಿಜನ್ ಮೊದಲೇ ಇರುತ್ತದೆ. ಇ10ಕ್ಕೆ ಲೆಕ್ಕ ಹಾಕಿ ಮಾಡಿದ ಗಾಡಿಗೆ ಇ20 ಹಾಕಿದರೆ ಟ್ರಿಮ್ ನಾಲ್ಕರಷ್ಟು ಮೇಲೇರುವುದು ಸಹಜ. 2500ರಲ್ಲಿ ಕಂಡ +4 ಬಹುಶಃ ಅದೇ. ಅದು ಐಡಲಿಂಗ್‌ನಲ್ಲೂ ಹೈವೇನಲ್ಲೂ ಹೆಚ್ಚು ಕಡಿಮೆ ಒಂದೇ ಇರುತ್ತದೆ. ಐಡಲಿಂಗ್‌ನಲ್ಲಿ ಮಾತ್ರ ಏರಿ ಆಮೇಲೆ ಇಳಿಯುವುದು ಲೀಕ್.

ಗುಬ್ಬಿಗೇಟ್_ಗಾಡಿ

ನಾಲ್ಕೂ ಹೋಸ್ ಬದಲಾಯಿತು, ಗುಳ್ಳೆ ಟೆಸ್ಟೂ ಆಯಿತು. ಈಗ ಬಿಸಿ ಐಡಲಿಂಗ್ 750, ಮ್ಯಾಪ್ 33. ಲಾಂಗ್ ಟರ್ಮ್ ಟ್ರಿಮ್ ನಿಧಾನಕ್ಕೆ ಇಳಿದು ಐಡಲಿಂಗ್‌ನಲ್ಲೂ +4ಕ್ಕೆ ನಿಂತಿದೆ, ಮೇಷ್ಟ್ರು ಹೇಳಿದ ಹಾಗೆಯೇ. ಪಿ0303 ಅಳಿಸಿದ್ದೆ, ಮತ್ತೆ ಬಂದಿಲ್ಲ. ಹೈಡ್ರೋ ಟೆಸ್ಟ್ ದಿನಾಂಕ ಮೀರಿದೆ, ಸಿಲಿಂಡರ್ ಬಿಚ್ಚಿ ಕಳಿಸಿದ್ದೇನೆ. ಎಸಿ ಹಾಕಿದರೆ ಇನ್ನೂ ಸ್ವಲ್ಪ ಅದುರುತ್ತದೆ, ಆದರೆ ಮುಳ್ಳು ಕದಲುವುದಿಲ್ಲ.

ತಿಪಟೂರು_ತೆಂಗು

ಮೌಂಟಿಂಗ್! ಮೊದಲೇ ಹೇಳಿದ್ದೆ.

ಶಿರಾಗೇಟ್_ಮೆಕ್ಯಾನಿಕ್

ಈಗ ನೀವು ಹೇಳಿದ್ದು ಸರಿ ಇರಬಹುದು ತೆಂಗು ಸರ್. ನೋಡಿಸಲಿ.

ನಂದಿ_ತಪ್ಪಲು

ಥ್ರೆಡ್ ಮುಗಿಯುವ ಮೊದಲು ನನ್ನದೂ ಒಂದು. ಪೆಟ್ರೋಲ್ ಫುಲ್ ಟ್ಯಾಂಕ್ ಮಾಡಿಸಿದ ತಕ್ಷಣ ಮಾತ್ರ ಸ್ಟಾರ್ಟ್ ಆಗಲು ಕಷ್ಟ, ಆಮೇಲೆ ಸ್ವಲ್ಪ ಹೊತ್ತು ಐಡಲಿಂಗ್ ಒದ್ದಾಡುತ್ತದೆ. ಬೇರೆ ಸಮಯದಲ್ಲಿ ಏನೂ ಇಲ್ಲ. ಬಂಕ್‌ನವರ ಮೇಲೆ ಅನುಮಾನ.

ಶಿರಾಗೇಟ್_ಮೆಕ್ಯಾನಿಕ್

ಬಂಕ್‌ನವರನ್ನು ಬಿಡಿ. ಪರ್ಜ್ ವಾಲ್ವ್ ತೆರೆದೇ ಉಳಿದಿರಬೇಕು, ಟ್ಯಾಂಕ್‌ನ ಆವಿ ನೇರವಾಗಿ ಇಂಜಿನ್‌ಗೆ ಹೋಗುತ್ತಿದೆ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ, ಕ್ಯಾನಿಸ್ಟರ್ (ಟ್ಯಾಂಕ್‌ನ ಆವಿ ಹಿಡಿದಿಡುವ ಡಬ್ಬಿ) ಕಡೆಯಿಂದ ಬರುವ ಹೋಸನ್ನು ವಾಲ್ವ್‌ನಿಂದ ಬಿಚ್ಚಿ, ವಾಲ್ವ್ ಬಾಯಿಗೆ ಬೆರಳಿಡಿ. ಆಗ ಎಳೆತ ಇರಬಾರದು. ಬೆರಳನ್ನು ಎಳೆದರೆ ವಾಲ್ವ್ ಬದಲಿಸಿ.